ಬಹುಮಾನ ಬಂದ ಮೇಲೆ ಬೇಸರ ಶುರುವಾಯಿತು

ದಾವಣಗೆರೆಯವರು, ವಯಸ್ಸು ನಲವತ್ತರ ಮೇಲೆ, ವ್ಯಾಪಾರಸ್ಥರು. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಆಪ್ತಸಲಹೆಗೆಂದು ನನ್ನ ಬಳಿ ಕರೆತಂದವರು ಹೆಂಡತಿ. "ಭಾನುವಾರ ಬೆಳಗ್ಗೆ ಕ್ಯಾಮೆರಾ ಹಿಡಿದು ಕುಂದವಾಡ ಕೆರೆಗೆ ಹೋಗ್ತಾರೆ. ವಾಪಸ್ ಬಂದ್ರೆ ಮನೇಲಿ ಯಾರೂ ಉಸಿರೆತ್ತೋ ಹಾಗಿಲ್ಲ" ಎಂದರು.

ನಿದ್ದೆ, ಊಟ, ಅಂಗಡಿ ಕೆಲಸ ವಿಚಾರಿಸಿದೆ. ಎಲ್ಲ ನೆಟ್ಟಗಿತ್ತು, ಗೆಳೆಯರ ಜೊತೆ ಬೆಣ್ಣೆದೋಸೆಗೂ ತಪ್ಪುವುದಿಲ್ಲ. ಎಲ್ಲದರಲ್ಲೂ ಆಸಕ್ತಿ ಬತ್ತಿದ್ದರೆ ಖಿನ್ನತೆಯೇ ಎಂದು ನೋಡಬೇಕಿತ್ತು. ಇವರಿಗೆ ಬತ್ತಿದ್ದು ಫೋಟೊ ತೆಗೆಯುವುದೊಂದರಲ್ಲೇ, ಅದೂ ಒಂದು ಫೋಟೊ ಸ್ಪರ್ಧೆಯಲ್ಲಿ ಬಹುಮಾನ ಬಂದ ಮೇಲೆ.

ಇದು ಹೊಸದೇನಲ್ಲ. 1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದ್ದರು. ಕೊಟ್ಟರು ಕೂಡ. ಕೆಲವು ದಿನಗಳ ನಂತರ ಆ ಮಕ್ಕಳೇ ತಾವಾಗಿ ಪೆನ್ನು ಹಿಡಿಯುವುದು ಉಳಿದವರಿಗಿಂತ ಕಡಿಮೆಯಾಗಿತ್ತು.

ಮೊಬೈಲಿನಲ್ಲಿ ಫೋಟೊ ತೋರಿಸಿದರು. ರೆಕ್ಕೆ ಹರಡಿ ಕೂತ ನೀರುಕಾಗೆಗಳೇ ಹತ್ತಾರು. "ಯಾಕೆ ಹಾಗೆ ಕೂರುತ್ತೆ?" ಎಂದೆ. ಗೊತ್ತಿರಲಿಲ್ಲ. ಒಂದು ಕ್ಲಿಕ್ ಆದ ಕೂಡಲೇ ಕಣ್ಣು ಸ್ಕ್ರೀನಿಗೆ ಹೋಗುತ್ತಿತ್ತಂತೆ. ಶಾರ್ಪ್ ಇಲ್ಲವೆಂದರೆ ಅಲ್ಲೇ ಡಿಲೀಟ್.

'ಫಲದ ಆಸೆ ಬಿಡಿ' ಎನ್ನಲಿಲ್ಲ. ಆ ಶ್ಲೋಕ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಪ್ರಯೋಜನವಾಗಿರಲಿಲ್ಲ. ಹೇಳಿದ್ದು ಇಷ್ಟು: ತೆಗೆದ ಫೋಟೊ ತಾನಾಗಿ ಸ್ಕ್ರೀನಿನಲ್ಲಿ ಬರುವ ಸೆಟ್ಟಿಂಗ್ ಆಫ್ ಮಾಡಿ. ಕೆರೆ ಏರಿಯ ಮೇಲೆ ಒಂದೇ ಕಡೆ ಕೂತು, ಮೊದಲ ಅರ್ಧ ಗಂಟೆ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಕಾರ್ಡನ್ನು ಮುಂದಿನ ಭಾನುವಾರದವರೆಗೆ ಕಂಪ್ಯೂಟರಿಗೆ ಹಾಕಬೇಡಿ. ಕಂಡದ್ದನ್ನು ಮನೆಗೆ ಬಂದು ಹೆಂಡತಿಗೆ ಬಾಯಲ್ಲಿ ಹೇಳಿ. ಕೊನೆಯದಕ್ಕೆ ಇಬ್ಬರೂ ನಕ್ಕರು.

ಮೊದಲ ವಾರ ಚಡಪಡಿಕೆ ಜಾಸ್ತಿಯೇ ಆಯಿತು. ಹಾಗಾಗುತ್ತದೆಂದು ಮೊದಲೇ ಎಚ್ಚರಿಸಿದ್ದೆ. ಆಮೇಲಿನ ಭೇಟಿಯಲ್ಲಿ ಕೂತ ತಕ್ಷಣ ಅವರೇ ಶುರುಮಾಡಿದರು: ನೀರುಕಾಗೆಯ ಗರಿ ಬಾತುಕೋಳಿಯದರಂತಲ್ಲ, ನೆನೆಯುತ್ತದೆ, ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ, ಎದ್ದ ಮೇಲೆ ಒಣಗಿಸಬೇಕು. ಮುಳುಗಿದ್ದು ಎಲ್ಲಿ ಏಳುತ್ತದೆಂದು ಊಹಿಸುತ್ತ ಕೂತು ಒಂದು ದಿನ ಕ್ಯಾಮೆರಾ ತೆಗೆಯುವುದೇ ಮರೆತಿತ್ತಂತೆ.

ಸ್ಪರ್ಧೆ ಬಿಡಬೇಕೇ ಎಂದು ಕೇಳಿದರು. ಬೇಡ, ವರ್ಷಕ್ಕೊಮ್ಮೆ ಕಳಿಸಿ ಎಂದೆ. ಚಿತ್ರ ಆರಿಸುವುದು ಮಾತ್ರ ತೆಗೆದು ಒಂದು ತಿಂಗಳಾದ ಮೇಲೆ, ಫಲಿತಾಂಶ ನೋಡುವ ಕೆಲಸ ಹೆಂಡತಿಯದು.