ಗೊರ್ದಿತಾ ಒಡೆಯುತ್ತಿದ್ದರೆ ತಪ್ಪು ನಿಮ್ಮ ಕೈಯದ್ದಲ್ಲ, ಹಿಟ್ಟಿನದ್ದು

ನೀವು ಕೇಳಿದ್ದು ಇಷ್ಟು: ಮೆಕ್ಸಿಕೋದ ಗೊರ್ದಿತಾ, ಅಂದರೆ ಸೀಳಿ ಪಲ್ಯ ತುಂಬುವ ಮೆಕ್ಕೆಜೋಳದ ದಪ್ಪ ರೊಟ್ಟಿ, ಮನೆಯಲ್ಲೇ ಮಾಡೋಣ ಅಂತ ಬೆಂಗಳೂರಿನ ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದಿರಿ, ಕಲಸಿ ತಟ್ಟಿದಿರಿ, ಅಂಚೆಲ್ಲಾ ಬಿರುಕು ಬಿಟ್ಟಿತು, ಬೇಯಿಸಿದ ಮೇಲೆ ಹೊಟ್ಟೆ ಸೀಳಿ ಪಲ್ಯ ತುಂಬಲು ಹೋದರೆ ಪುಡಿಪುಡಿ ಆಯಿತು. ಮೈದಾ ಸೇರಿಸಿದರೆ ಸರಿಹೋಗುತ್ತದಾ?

ಸೇರಿಸಬೇಡಿ. ಒಡೆಯುವುದು ನಿಲ್ಲುತ್ತದೆ ನಿಜ, ಆದರೆ ತಿಂದರೆ ದಪ್ಪ ಚಪಾತಿ ತಿಂದ ಹಾಗಿರುತ್ತದೆ. ಗೋಧಿ ಹಿಟ್ಟಿನ ಗೊರ್ದಿತಾ ಅಂತ ಉತ್ತರ ಮೆಕ್ಸಿಕೋದಲ್ಲಿ ಬೇರೆಯದೇ ಇದೆ, ಚೆನ್ನಾಗೂ ಇರುತ್ತದೆ, ಆದರೆ ನಿಮಗೆ ಬೇಕಾಗಿರುವುದು ಮೆಕ್ಕೆಜೋಳದ್ದು ಅಲ್ವಾ.

ನಾನು ಕೆಲಸದ ಮೇಲೆ ಎರಡು ವರ್ಷ ಉತ್ತರ ಮೆಕ್ಸಿಕೋದ ಮೊಂತೆರೇ ಊರಲ್ಲಿದ್ದೆ. ಮಹಡಿ ಮೇಲಿನ ಬಾಡಿಗೆ ಮನೆ. ಕೆಳಗೆ ಮನೆ ಮಾಲಕಿ, ಅರವತ್ತು ದಾಟಿದ ಸೆನ್ಯೋರಾ, ಭಾನುವಾರ ಬೆಳಿಗ್ಗೆ ಮಕ್ಕಳು ಮೊಮ್ಮಕ್ಕಳಿಗೆಲ್ಲಾ ಗೊರ್ದಿತಾ ಮಾಡುತ್ತಿದ್ದರು. ಮೊದಲ ಸಲ ನಾನೂ ನಿಮ್ಮ ಹಾಗೇ ಮಾಡಿದ್ದೆ. ಊರಿಂದ ಹೊತ್ತು ತಂದಿದ್ದ ಮೆಕ್ಕೆಜೋಳದ ಹಿಟ್ಟು ಕಲಸಿ, ಭಾರಿ ಹೆಮ್ಮೆಯಿಂದ ಒಂದು ತಟ್ಟೆ ಕೆಳಗೆ ತಗೊಂಡು ಹೋಗಿ ಕೊಟ್ಟೆ. ಅವರು ಒಂದು ಚೂರು ಮುರಿದರು. ಮುರಿದರು ಅನ್ನುವುದಕ್ಕಿಂತ ಅದೇ ಉದುರಿತು. ಮೂಸಿ ನೋಡಿ ಕೇಳಿದ್ದು ಒಂದೇ ಮಾತು: "ಇದಕ್ಕೆ ಸುಣ್ಣ ಎಲ್ಲಿ?"

ಇಡೀ ವಿಷಯ ಇರುವುದು ಅಲ್ಲೇ. ಮೆಕ್ಸಿಕೋದಲ್ಲಿ ರೊಟ್ಟಿಯ ಮೆಕ್ಕೆಜೋಳವನ್ನು ಒಣಗಿದ್ದನ್ನೇ ಬೀಸಿ ಹಿಟ್ಟು ಮಾಡುವುದಿಲ್ಲ. ಮೊದಲು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಸಿ, ತೊಳೆದು, ಒದ್ದೆಯಾಗಿಯೇ ರುಬ್ಬುತ್ತಾರೆ. ಹೀಗೆ ಬೆಂದ ಕಾಳಿನ ಹೆಸರು ನಿಶ್ತಮಾಲ್. ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯ ಮಾತು, ಅದರ ಮೊದಲ ಅರ್ಧಕ್ಕೆ ಬೂದಿ ಅಂತ ಅರ್ಥ. ಅಂದರೆ ಒಲೆಯ ಬೂದಿ ಹಾಕಿಯೂ ಮಾಡುತ್ತಿದ್ದರು. ರುಬ್ಬಿ ಬಂದ ಮುದ್ದೆ ಮಾಸಾ. ಸುಣ್ಣ ಕಾಳಿನ ಮೇಲಿನ ಗಟ್ಟಿ ಸಿಪ್ಪೆಯನ್ನು ಕರಗಿಸುತ್ತದೆ, ಒಳಗಿನ ಪಿಷ್ಟ ಅರ್ಧಂಬರ್ಧ ಬೆಂದು ಅಂಟು ಬರುತ್ತದೆ. ಗೋಧಿಯ ಜಿಗುಟು ಇಲ್ಲದ ಜೋಳಕ್ಕೆ ಹಿಡಿತ ಬರುವುದು ಹೀಗೆ. ನಮ್ಮ ಕಡೆ ಬಿಳಿಜೋಳದ ರೊಟ್ಟಿಗೆ ಕುದಿಯುವ ನೀರು ಹಾಕಿ ಕಲಸುವುದೂ ಹೆಚ್ಚುಕಮ್ಮಿ ಇದೇ ಕಾರಣಕ್ಕೆ, ಬಿಸಿ ನೀರಿಗೆ ಪಿಷ್ಟ ಅಂಟು ಬಿಡಲಿ ಅಂತ.

ಸುಣ್ಣದಿಂದ ಇನ್ನೊಂದು ಲಾಭ ಇದೆ. ಮೆಕ್ಕೆಜೋಳದಲ್ಲಿರುವ ನಿಯಾಸಿನ್ ಅನ್ನುವ ಬಿ ವಿಟಮಿನ್ ಹಾಗೇ ತಿಂದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಸುಣ್ಣದಲ್ಲಿ ಬೇಯಿಸಿದರೆ ಹತ್ತುತ್ತದೆ. ಯುರೋಪಿನವರು ಜೋಳ ಮಾತ್ರ ಕೊಂಡೊಯ್ದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಹಾಗಾಗಿ ಜೋಳವನ್ನೇ ನಂಬಿ ಬದುಕಿದ ಇಟಲಿಯ ಬಡ ರೈತರಿಗೆ, ಆಮೇಲೆ 20ನೇ ಶತಮಾನದ ಮೊದಲಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳ ಬಡವರಿಗೆ, ನಿಯಾಸಿನ್ ಕೊರತೆಯ ಪೆಲಾಗ್ರಾ ಕಾಯಿಲೆ ಬಂತು.

ಈಗ ನಿಮ್ಮ ಮುಂದೆ ಎರಡು ದಾರಿ.

ಸುಲಭದ್ದು, ಮಾಸಾ ಹರೀನಾ ಪೊಟ್ಟಣ ಕೊಳ್ಳುವುದು. ಅದು ಸುಣ್ಣದಲ್ಲಿ ಬೇಯಿಸಿ, ರುಬ್ಬಿ, ಒಣಗಿಸಿದ ಹಿಟ್ಟು. ಮೆಕ್ಸಿಕೋದಲ್ಲಿ ಎಲ್ಲಿ ಹೋದರೂ ಕಾಣುವುದು ಮಾಸೆಕಾ. ಅದರ ಕಂಪನಿ 1949ರಲ್ಲಿ ಶುರುವಾದದ್ದು ನಾನಿದ್ದ ನ್ಯುವೊ ಲಿಯೋನ್ ರಾಜ್ಯದ್ದೇ ಸೆರ್‍ರಾಲ್ವೊ ಅನ್ನುವ ಊರಲ್ಲಿ. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ಒಂದು ಎಚ್ಚರಿಕೆ, ಅರೆಪಾ ಅನ್ನುವ ರೊಟ್ಟಿ ಮಾಡುವ ಬೆಂದ ಮೆಕ್ಕೆಜೋಳದ ಹಿಟ್ಟು ನೋಡಲು ಹೀಗೇ ಇರುತ್ತದೆ. ಅದು ವೆನೆಜುವೆಲಾ, ಕೊಲಂಬಿಯಾದ ಅಡುಗೆಗೆ. ಅದರಲ್ಲಿ ಸುಣ್ಣ ಇಲ್ಲ, ಗೊರ್ದಿತಾದ ವಾಸನೆ ಬರುವುದಿಲ್ಲ.

ಇನ್ನೊಂದು ದಾರಿ, ನೀವೇ ನಿಶ್ತಮಾಲ್ ಮಾಡುವುದು. ಕೇಳಲು ಭಯ, ಮಾಡಲು ಇಡ್ಲಿಗೆ ನೆನೆಹಾಕಿದಷ್ಟೇ ಕೆಲಸ. ದಾವಣಗೆರೆ, ಹಾವೇರಿ ಕಡೆ ಗೋವಿನಜೋಳಕ್ಕೆ, ಅಂದರೆ ಮೆಕ್ಕೆಜೋಳಕ್ಕೆ, ಬರವಿಲ್ಲ. ಆದರೆ ಕೋಳಿ ಆಹಾರಕ್ಕೋ ಬಿತ್ತನೆಗೋ ಇಟ್ಟದ್ದು ಬೇಡ. ಬಿತ್ತನೆ ಬೀಜಕ್ಕಂತೂ ಔಷಧಿ ಹಚ್ಚಿರುತ್ತಾರೆ. ತಿನ್ನಲೆಂದೇ ಮಾರುವ ಒಣ ಕಾಳು ತನ್ನಿ. ಅರ್ಧ ಕೆಜಿ ಕಾಳಿಗೆ ಒಂದೂವರೆ ಲೀಟರ್ ನೀರು, ಸುಣ್ಣದ ಪುಡಿಯಾದರೆ 5 ಗ್ರಾಂ. ಎಲೆ ಅಡಿಕೆಗೆ ಹಚ್ಚುವ ಒದ್ದೆ ಬಿಳಿ ಸುಣ್ಣವಾದರೆ ಅದರಲ್ಲಿ ನೀರೇ ಬೇಕಾದಷ್ಟು ಇರುತ್ತದೆ, ಸುಮಾರು 10 ಗ್ರಾಂ ಹಾಕಿ. ಗೋಡೆಗೆ ಬಳಿಯುವ ಸುಣ್ಣ, ಅರಳದ ಸುಣ್ಣದ ಕಲ್ಲು, ಎರಡನ್ನೂ ಅಡುಗೆಮನೆಗೆ ತರಬೇಡಿ. ಪಾತ್ರೆ ಸ್ಟೀಲಿನದ್ದೇ ಆಗಲಿ, ಅಲ್ಯೂಮಿನಿಯಂ ಅನ್ನು ಸುಣ್ಣ ತಿನ್ನುತ್ತದೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಲಿ. ನಮ್ಮ ಜೋಳ ಗಟ್ಟಿ, ಒಂದು ಗಂಟೆಯೂ ಹಿಡಿಯಬಹುದು. ಒಂದು ಕಾಳು ತೆಗೆದು ಹೆಬ್ಬೆರಳಲ್ಲಿ ಉಜ್ಜಿ, ಸಿಪ್ಪೆ ಲೋಳೆಯಾಗಿ ಜಾರಿತು ಅಂದರೆ ಒಲೆ ಆರಿಸಿ ಮುಚ್ಚಿಡಿ. ನೀರು ಹಳದಿಗೆ ತಿರುಗುತ್ತದೆ, ಗಾಬರಿ ಬೇಡ. ಬೆಳಿಗ್ಗೆ ಮೂರು ನಾಲ್ಕು ನೀರಲ್ಲಿ ಉಜ್ಜಿ ಉಜ್ಜಿ ತೊಳೆಯಿರಿ. ಒಂದು ಸಲ ನಾನು ಸೋಮಾರಿತನದಿಂದ ಒಂದೇ ನೀರಲ್ಲಿ ತೊಳೆದು ಮುಗಿಸಿದೆ, ಕಹಿ ಅಂದರೆ ಕಹಿ, ಇಡೀ ಅರ್ಧ ಕೆಜಿ ತಿಪ್ಪೆಗೆ ಹೋಯಿತು.

ರುಬ್ಬುವಾಗ ನಮ್ಮ ಗ್ರೈಂಡರ್ ನೀರು ಬೇಡುತ್ತದೆ, ಅದೇ ತಾಪತ್ರಯ. ಉದ್ದಿನ ವಡೆ ಹಿಟ್ಟಿಗಿಂತ ಗಟ್ಟಿಯಾಗಿ, ನೀರು ಚಿಮುಕಿಸಿ ಚಿಮುಕಿಸಿ, ಆದಷ್ಟು ನುಣ್ಣಗೆ ರುಬ್ಬಿ. ತೆಳ್ಳಗಾದರೆ ಬಟ್ಟೆಯಲ್ಲಿ ಕಟ್ಟಿ ಸ್ವಲ್ಪ ಹೊತ್ತು ನೇತುಹಾಕಿ, ಇಲ್ಲವೇ ಒಂದೆರಡು ಹಿಡಿ ಮಾಸಾ ಹರೀನಾ ಸೇರಿಸಿ. ಅರ್ಧ ಕೆಜಿ ಕಾಳಿಗೆ ಹನ್ನೆರಡು ಹದಿನಾಲ್ಕು ಗೊರ್ದಿತಾ ಆಗುತ್ತವೆ.

ಪೊಟ್ಟಣದ ಹಿಟ್ಟಾದರೆ ಎರಡು ಲೋಟಕ್ಕೆ ಒಂದೂವರೆ ಲೋಟ ಬೆಚ್ಚಗಿನ ನೀರು, ಅರ್ಧ ಚಮಚ ಉಪ್ಪು. ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಹಂದಿ ಕೊಬ್ಬು ಒಂದು ಚಮಚ ಹಾಕುವವರಿದ್ದಾರೆ, ಬೇಕಿಂಗ್ ಪೌಡರ್ ಹಾಕುವವರೂ ಇದ್ದಾರೆ. ಸೆನ್ಯೋರಾ ಎರಡೂ ಹಾಕುತ್ತಿರಲಿಲ್ಲ, ನಾನೂ ಹಾಕುವುದಿಲ್ಲ. ಹದ ನೋಡಲು ಒಂದು ಉಂಡೆ ಮಾಡಿ ಅಂಗೈಯಲ್ಲಿ ಒತ್ತಿ. ಅಂಚು ಬಿರಿದರೆ ನೀರು ಕಡಿಮೆ, ಅಂಗೈಗೆ ಅಂಟಿದರೆ ಜಾಸ್ತಿ. ಸೆನ್ಯೋರಾ ಪಕ್ಕದಲ್ಲಿ ಬಟ್ಟಲು ನೀರು ಇಟ್ಟುಕೊಂಡಿರುತ್ತಿದ್ದರು. ಪ್ರತಿ ಉಂಡೆಗೂ ಬೆರಳ ತುದಿ ಅದ್ದಿ, ಎರಡು ಅಂಗೈ ನಡುವೆ ಪಟಪಟ ಬಡಿದು, ಪ್ರತಿ ಬಡಿತಕ್ಕೂ ಒಂದಿಷ್ಟು ತಿರುಗಿಸಿ, ಕೊನೆಗೆ ಹೆಬ್ಬೆರಳಿನ ಪಕ್ಕದಿಂದ ಅಂಚನ್ನು ಸುತ್ತಲೂ ಸವರುತ್ತಿದ್ದರು. ಕಣ್ಣು ಮುಚ್ಚಿ ಕೇಳಿದರೆ ಉತ್ತರ ಕರ್ನಾಟಕದ ಯಾವುದೋ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದೇ.

ದಪ್ಪದ ವಿಷಯದಲ್ಲಿ ಕೈ ಬಿಗಿ ಮಾಡಬೇಡಿ. ಹೆಸರೇ "ಪುಟ್ಟ ದಪ್ಪಿ" ಅಂತ. ನಿಂಬೆಹಣ್ಣಿಗಿಂತ ದೊಡ್ಡ ಉಂಡೆ, 65 ಗ್ರಾಂ ಆಸುಪಾಸು, ತಟ್ಟಿದ ಮೇಲೆ 10 ಸೆಂಟಿಮೀಟರ್ ಅಗಲ, ಮುಕ್ಕಾಲು ಸೆಂಟಿಮೀಟರ್ ದಪ್ಪ. ತೆಳ್ಳಗಾದರೆ ಸೀಳಲು ಆಗುವುದಿಲ್ಲ. ಕಬ್ಬಿಣದ ಕಾವಲಿ, ಮಧ್ಯಮ ಉರಿ, ಎಣ್ಣೆ ಬೇಡ. ಒಂದು ನಿಮಿಷಕ್ಕೆ ಮಗುಚಿ, ಆಮೇಲೆ ಒಂದೊಂದು ಬದಿ ಮೂರು ನಾಲ್ಕು ನಿಮಿಷ. ಎರಡನೇ ಸಲ ಮಗುಚಿದಾಗ ಬಟ್ಟೆಯಿಂದ ಮೆಲ್ಲಗೆ ಅದುಮಿ. ಎಲ್ಲವೂ ಪೂರಿ ಹಾಗೆ ಉಬ್ಬುವುದಿಲ್ಲ, ಸ್ವಲ್ಪ ಮೈ ಎತ್ತಿದರೆ ಸಾಕು. ನೀವು ಒಳಗೆ ಹಸಿ ಇತ್ತು ಅಂತಲೂ ಬರೆದಿದ್ದೀರಿ, ಅದು ಉರಿ ಜಾಸ್ತಿಯಾಗಿ ಹೊರಗೆ ಬೇಗ ಕಪ್ಪಾದದ್ದರಿಂದ.

ಸೀಳಬೇಕಾದದ್ದು ಬಿಸಿ ಇರುವಾಗಲೇ. ತೆಗೆದು ಅರ್ಧ ನಿಮಿಷ ಬಿಟ್ಟು, ಬಟ್ಟೆಯಲ್ಲಿ ಹಿಡಿದು, ಅಂಚಿನ ಅರ್ಧದಷ್ಟು ಉದ್ದಕ್ಕೆ ಚೂಪಾದ ಚಾಕು ಹಾಕಿ, ಜೇಬಿನ ಹಾಗೆ ಬಿಡಿಸಿ. ಆರಿದ ಮೇಲೆ ಸೀಳಲು ಹೋದರೆ ಒಳ್ಳೆ ಮಾಸಾದ್ದೂ ಮುರಿಯುತ್ತದೆ.

ಮಧ್ಯ ಮೆಕ್ಸಿಕೋದಲ್ಲಿ, ಮೆಕ್ಸಿಕೋ ಸಿಟಿ ಬೀದಿಗಳಲ್ಲಿ, ಕ್ರಮ ಬೇರೆ. ಅಲ್ಲಿ ನಾವು ಹೋಳಿಗೆಗೆ ಹೂರಣ ತುಂಬುವ ಹಾಗೆ ಹಸಿ ಹಿಟ್ಟಿನೊಳಗೇ ಒತ್ತಿದ ಹಂದಿ ಚರ್ಮದ ಚಿಚರ್‍ರೋನ್ ಇಟ್ಟು ಮುಚ್ಚಿ, ಕಾವಲಿ ಮೇಲೆ ಬೇಯಿಸುತ್ತಾರೆ ಅಥವಾ ಕರಿಯುತ್ತಾರೆ, ಆಮೇಲೆ ಬಾಯಿ ಬಿಡಿಸಿ ಈರುಳ್ಳಿ, ಕೊತ್ತಂಬರಿ, ಚೀಸು, ಚಟ್ನಿ. ಮೊದಲ ಸಲಕ್ಕೆ ಸೀಳಿ ತುಂಬುವುದೇ ಸುಲಭ.

ತುಂಬುವ ಪಲ್ಯಕ್ಕೆ ಅಲ್ಲಿ ಗೀಸೊ ಅನ್ನುತ್ತಾರೆ. ಗೊರ್ದಿತಾ ಅಂಗಡಿಯಲ್ಲಿ ಏಳೆಂಟು ಮಣ್ಣಿನ ಪಾತ್ರೆ ಸಾಲಾಗಿ ಇರುತ್ತವೆ, "ಯಾವುದರದ್ದು ಕೊಡಲಿ?" ಅಂತ ಕೇಳುತ್ತಾರೆ. ನಾನು ಮಾಂಸ ತಿನ್ನುವುದಿಲ್ಲ, ಆದರೂ ಉಪವಾಸ ಬೀಳಲಿಲ್ಲ. ರಾಹಾಸ್ ಅಂದರೆ ಸುಟ್ಟ ಪೊಬ್ಲಾನೊ ಮೆಣಸಿನಕಾಯಿ ಸೀಳು, ಈರುಳ್ಳಿ, ಕೆನೆ. ಇಲ್ಲಿ ದಪ್ಪ ಮೆಣಸಿನಕಾಯಿ ಎರಡು, ಬಜ್ಜಿ ಮೆಣಸಿನಕಾಯಿ ಎರಡು ಗ್ಯಾಸ್ ಉರಿಯಲ್ಲೇ ಕಪ್ಪಗೆ ಸುಟ್ಟು, ಮುಚ್ಚಿಟ್ಟು, ಸಿಪ್ಪೆ ಸುಲಿದು ಮಾಡಿ, ಹತ್ತಿರ ಬರುತ್ತದೆ. ಇನ್ನೊಂದು ಫ್ರಿಹೋಲೆಸ್, ಬೇಯಿಸಿದ ರಾಜ್ಮಾವನ್ನು ಈರುಳ್ಳಿ ಜೊತೆ ಎಣ್ಣೆಯಲ್ಲಿ ಹಿಸುಕಿ ಹಿಸುಕಿ ಹುರಿದದ್ದು. ಆಲೂಗಡ್ಡೆಯೂ ನಡೆಯುತ್ತದೆ, ಆದರೆ ದಯವಿಟ್ಟು ಸಾಸಿವೆ, ಅರಿಶಿನ ಹಾಕಿ ಮಸಾಲೆದೋಸೆ ಪಲ್ಯ ಮಾಡಬೇಡಿ, ಸುಣ್ಣದ ಜೋಳದ ಘಮವೆಲ್ಲಾ ಅದರಡಿ ಮುಚ್ಚಿಹೋಗುತ್ತದೆ. ಪಲ್ಯ ಯಾವುದಾದರೂ ನೀರು ಬಿಡಬಾರದು, ಬಿಟ್ಟರೆ ತಳ ಮೆತ್ತಗಾಗಿ ಕೈಯಲ್ಲೇ ಬಾಯಿ ಬಿಡುತ್ತದೆ. ಅವರ ಮೆತ್ತನೆ ಬಿಳಿ ಚೀಸಿಗೆ ಬದಲು ಉಪ್ಪು ಬೆರೆಸಿದ ಪನೀರ್ ಪುಡಿ.

ಚಟ್ನಿಗೆ ಅವರದ್ದು ತೊಮತಿಯೊ, ಹಸಿರು ಹುಳಿ ಕಾಯಿ, ನಮ್ಮ ಗುಪ್ಪಟೆ ಹಣ್ಣಿನ ಜಾತಿಗೆ ಸೇರಿದ್ದು. ಇಲ್ಲಿ ಟೊಮೆಟೊ ಕಾಯಿಯನ್ನು ಹಸಿಮೆಣಸು, ಬೆಳ್ಳುಳ್ಳಿ ಜೊತೆ ಕಾವಲಿ ಮೇಲೆ ಸುಟ್ಟು, ಉಪ್ಪು ಹಾಕಿ ಕುಟ್ಟಿ, ನಿಂಬೆ ಹಿಂಡಿ. ಒರಳು ಇದ್ದರೆ ಒರಳಲ್ಲೇ. ಅವರ ಮೂರು ಕಾಲಿನ ಕಲ್ಲಿನ ಒರಳು ಮೊಲ್ಕಹೇತೆ, ಅದರಲ್ಲಿ ಕುಟ್ಟಿದ ಚಟ್ನಿಯ ತರಿತರಿ ಮಿಕ್ಸಿಯಲ್ಲಿ ಬರುವುದಿಲ್ಲ.

ಉಳಿದ ಗೊರ್ದಿತಾ ಮಾರನೆಯ ದಿನ ಕಲ್ಲಾಗಿರುತ್ತದೆ. ನೀರು ಚಿಮುಕಿಸಿ ಕಾವಲಿ ಮೇಲೆ ಮುಚ್ಚಿಟ್ಟರೆ ಮತ್ತೆ ಮೆತ್ತಗಾಗುತ್ತದೆ, ಎಣ್ಣೆಯಲ್ಲಿ ಕರಿದರೆ ಇನ್ನೂ ಚೆನ್ನ. ಹಸಿ ಮಾಸಾ ಮಾತ್ರ ಹೊರಗಿಡಬೇಡಿ, ನಮ್ಮ ಸೆಕೆಗೆ ಸಂಜೆಯೊಳಗೆ ಹುಳಿ ಬರುತ್ತದೆ. ಮಾಡಿದ ಮೇಲೆ ಹೇಗಾಯಿತು ಬರೆಯಿರಿ, ಒಡೆದರೆ ಹಿಟ್ಟು ಕಲಸಿದ್ದರ ಫೋಟೋ ಹಾಕಿ, ನೋಡಿ ಹೇಳುತ್ತೇನೆ.