ಎಚ್-ಇಂಡೆಕ್ಸ್ ನೋಡಿ ಗೈಡ್ ಆರಿಸಬಹುದೇ?

ಪ್ರಶ್ನೆ: ನಮ್ಮ ಮಗಳು ಎಂಸಿಎ ಮುಗಿಸಿದ್ದು, ಮಾಹಿತಿ ವ್ಯವಸ್ಥೆಗಳ (ಜನ, ಸಂಸ್ಥೆಗಳು ಗಣಕ ತಂತ್ರಜ್ಞಾನವನ್ನು ಬಳಸುವ ಬಗೆಯ ಅಧ್ಯಯನ) ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂದಿದ್ದಾಳೆ. ಬೆಳಗಾವಿಯ ಇಬ್ಬರು ಪ್ರಾಧ್ಯಾಪಕರು ಮಾರ್ಗದರ್ಶನಕ್ಕೆ ಒಪ್ಪಿದ್ದಾರೆ. ಗೂಗಲ್ ಸ್ಕಾಲರ್‌ನಲ್ಲಿ ಒಬ್ಬರ ಎಚ್-ಇಂಡೆಕ್ಸ್ 27, ಇನ್ನೊಬ್ಬರದು 9. ಮಗಳ ಒಲವು ಎರಡನೆಯವರ ಕಡೆಗಿದೆ. ಮೂರು ಪಟ್ಟು ಪ್ರಭಾವವುಳ್ಳವರನ್ನು ಬಿಡುವುದು ಸರಿಯೇ?
– ನಿವೃತ್ತ ಶಿಕ್ಷಕರು, ನವನಗರ, ಬಾಗಲಕೋಟೆ

ಉತ್ತರ: ಅಂಕಿ ಮೂರು ಪಟ್ಟು ಇದೆ, ನಿಜ, ಆದರೆ ಪ್ರಭಾವವೂ ಮೂರು ಪಟ್ಟು ಎಂಬ ಲೆಕ್ಕ ಅದರಿಂದ ಹೊರಡುವುದಿಲ್ಲ. ಭೌತವಿಜ್ಞಾನಿ ಹಿರ್ಶ್ ಅವರು 2005ರಲ್ಲಿ ಸೂಚಿಸಿದ ಈ ಅಳತೆಯ ಪ್ರಕಾರ, ಬೇರೆ ಬರಹಗಳಲ್ಲಿ ತಲಾ ಒಂಬತ್ತು ಸಲವಾದರೂ ಉಲ್ಲೇಖಗೊಂಡ ಒಂಬತ್ತು ಲೇಖನಗಳಿದ್ದರೆ ಸೂಚ್ಯಂಕ 9 ಆಗುತ್ತದೆ. ಅವುಗಳಲ್ಲೊಂದು ಒಂಬತ್ತು ಸಲ ಉಲ್ಲೇಖವಾಗಿದೆಯೋ, ಒಂಬತ್ತು ಸಾವಿರ ಸಲವೋ ಎಂಬುದು ಅದಕ್ಕೆ ಕಾಣುವುದಿಲ್ಲ. ನಿಮ್ಮ ಮಗಳ ವಿಷಯದಲ್ಲಿಯೇ ಇದಕ್ಕೊಂದು ಉದಾಹರಣೆ ಇದೆ. ಉಪಯುಕ್ತವೆಂದೂ ಬಳಸಲು ಸುಲಭವೆಂದೂ ಅನ್ನಿಸಿದ ತಂತ್ರಾಂಶವನ್ನು ಜನ ಒಪ್ಪಿಕೊಳ್ಳುತ್ತಾರೆ ಎಂಬ ಫ್ರೆಡ್ ಡೇವಿಸ್ ಅವರ ಲೇಖನ 1989ರಲ್ಲಿ ‘ಎಂಐಎಸ್ ಕ್ವಾರ್ಟರ್ಲಿ’ ನಿಯತಕಾಲಿಕದಲ್ಲಿ ಬಂತು. ಹತ್ತಾರು ಸಾವಿರ ಬರಹಗಳು ಅದನ್ನು ಉಲ್ಲೇಖಿಸಿವೆ. ಮೊಬೈಲ್ ಬ್ಯಾಂಕಿಂಗ್ ಕುರಿತ ನಮ್ಮ ಎಂಬಿಎ ಪ್ರಾಜೆಕ್ಟುಗಳೂ ಅದರ ಹೆಸರೆತ್ತದೆ ಮುಗಿಯುವುದು ಅಪರೂಪ. ಆದರೂ ಡೇವಿಸ್ ಅವರ ಎಚ್-ಇಂಡೆಕ್ಸ್ ಲೆಕ್ಕದಲ್ಲಿ ಅದು ಒಂದೇ ಲೇಖನ.

27 ಎಂಬುದು ಹೇಗೆ ಕೂಡಿಬಂತು ಎಂಬುದನ್ನು ನೋಡಿ. ಗೂಗಲ್ ಸ್ಕಾಲರ್ ಲೇಖಕರು ತಮ್ಮನ್ನೇ ಉಲ್ಲೇಖಿಸಿಕೊಂಡದ್ದನ್ನೂ ಎಣಿಸುತ್ತದೆ, ಸಮ್ಮೇಳನದ ಪ್ರಬಂಧ, ಥೀಸಿಸ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸ್ಕೋಪಸ್ ಎಂಬ ಇನ್ನೊಂದು ಉಲ್ಲೇಖ ಕೋಶದಲ್ಲಿ ಸ್ವಂತ ಉಲ್ಲೇಖಗಳನ್ನು ಬಿಟ್ಟು ನೋಡುವ ಸೌಲಭ್ಯವಿದೆ. ಮೊದಲನೆಯವರು ಕಂಪ್ಯೂಟರ್ ಸೈನ್ಸ್‌ನಲ್ಲಿ, ಹಲವು ಸಹಲೇಖಕರೊಂದಿಗೆ, ಸಮ್ಮೇಳನಗಳಿಗೆ ಬರೆದವರಾಗಿದ್ದರೆ ಆ ಸಂಖ್ಯೆಯನ್ನು ಮಾಹಿತಿ ವ್ಯವಸ್ಥೆಗಳ ಸಂಶೋಧಕರ ಸಂಖ್ಯೆಯ ಪಕ್ಕದಲ್ಲಿ ಇಡುವುದೇ ತಪ್ಪು. ಈ ಕ್ಷೇತ್ರದ ಹಿರಿಯ ವಿದ್ವಾಂಸರು ಮಾನ್ಯ ಮಾಡಿದ ನಿಯತಕಾಲಿಕಗಳು ಬಹುಕಾಲ ಎಂಟೇ ಇದ್ದು, 2023ರಲ್ಲಿ ಹನ್ನೊಂದಾದವು. ಅಲ್ಲಿ ಒಂದು ಲೇಖನ ಪರಿಶೀಲನೆ, ತಿದ್ದುಪಡಿ ದಾಟಿ ಅಚ್ಚಾಗಲು ವರ್ಷಗಳೇ ಹಿಡಿಯುವುದುಂಟು. ಎರಡನೆಯವರ ಒಂಬತ್ತರಲ್ಲಿ ಅಂಥದ್ದು ಒಂದಿದ್ದರೂ ನಾನು ಅವರನ್ನೇ ಹೆಚ್ಚು ತೂಕದವರೆಂದು ಎಣಿಸುತ್ತೇನೆ.

ಇನ್ನೊಂದು ಬಗೆಯ ಪ್ರಭಾವ ಯಾವ ಸೂಚ್ಯಂಕದಲ್ಲಿಯೂ ಸಿಗುವುದಿಲ್ಲ. ರಾಜ್ಯದ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ತಂದ ‘ಭೂಮಿ’ ಯೋಜನೆ ಈ ಕ್ಷೇತ್ರದವರು ಬಹಳವಾಗಿ ಅಧ್ಯಯನ ಮಾಡಿದ ಯೋಜನೆಗಳಲ್ಲೊಂದು. ಉತಾರಕ್ಕಾಗಿ ರೈತರು ಅಲೆಯುವುದು, ಲಂಚ ಕೊಡುವುದು ಕಡಿಮೆಯಾಯಿತೆಂದು ಕೆಲವರು ಬರೆದರೆ, ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಕೊಳ್ಳುಗರಿಗೇ ಅನುಕೂಲವಾಯಿತೆಂದು ಇನ್ನು ಕೆಲವರು ವಾದಿಸಿದರು. ಇಂಥ ಅಧ್ಯಯನದಿಂದ ತಹಶೀಲ್ದಾರ್ ಕಚೇರಿಯ ಒಂದು ಪದ್ಧತಿ ಬದಲಾದರೆ ಅದು ಪ್ರಭಾವವಲ್ಲದೆ ಮತ್ತೇನು? ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಸಂಶೋಧನಾ ಮೌಲ್ಯಮಾಪನದಲ್ಲಿ ಹೀಗೆ ಹೊರಜಗತ್ತಿನ ಮೇಲಾದ ಪರಿಣಾಮಕ್ಕೆ 2014ರಲ್ಲಿ ಶೇ 20, 2021ರಲ್ಲಿ ಶೇ 25ರಷ್ಟು ತೂಕವಿತ್ತು. ನಮ್ಮಲ್ಲಿ ಬಡ್ತಿಯ ಅರ್ಜಿಗಳು ಈಗಲೂ ಹೆಚ್ಚಾಗಿ ಪ್ರಕಟಣೆಗಳನ್ನೇ ಎಣಿಸುತ್ತವೆ.

ಆದ್ದರಿಂದ ಮಗಳು ಇಬ್ಬರ ತಲಾ ಎರಡು ಲೇಖನಗಳನ್ನು ಓದಲಿ. ಅವುಗಳನ್ನು ಉಲ್ಲೇಖಿಸಿದವರು ಅವುಗಳ ವಿಚಾರವನ್ನು ಬಳಸಿದ್ದಾರೋ, ಬರೀ ಪಟ್ಟಿಗೆ ಸೇರಿಸಿದ್ದಾರೋ ಎಂದು ನೋಡಲಿ. ಆ ಪ್ರಾಧ್ಯಾಪಕರ ಕೈಕೆಳಗೆ ಪದವಿ ಪಡೆದವರನ್ನು ಒಮ್ಮೆ ಕಂಡು ಮಾತಾಡುವುದು ಇನ್ನೂ ಒಳ್ಳೆಯದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪ್ರೊಫೆಸರ್ ಒಬ್ಬರು ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಅಭ್ಯರ್ಥಿಗಳಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ‘ಒಪ್ಪಿದ್ದಾರೆ’ ಎಂಬ ಮಾತನ್ನು ಈ ಲೆಕ್ಕಕ್ಕೆ ಹಚ್ಚಿ ನೋಡಿ.

ಪ್ರಶ್ನೆ: ಥೀಸಿಸ್ ಸಲ್ಲಿಸುವ ಮುನ್ನ ಯುಜಿಸಿ ಮಾನ್ಯ ಮಾಡಿದ ನಿಯತಕಾಲಿಕಗಳ ‘ಕೇರ್’ ಪಟ್ಟಿಯಲ್ಲಿರುವ ಒಂದರಲ್ಲಿ ಲೇಖನ ಬರಲೇಬೇಕೇ?
– ಸಂಶೋಧನಾ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಯುಜಿಸಿಯ 2022ರ ನಿಯಮದಲ್ಲಿ ಪ್ರಕಟಣೆ ಕಡ್ಡಾಯವಲ್ಲ, ‘ಕೇರ್’ ಪಟ್ಟಿಯನ್ನು ನಿಲ್ಲಿಸಿರುವುದಾಗಿಯೂ ಆಯೋಗ 2025ರಲ್ಲಿ ಪ್ರಕಟಿಸಿದೆ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ಷರತ್ತು ಇಟ್ಟುಕೊಂಡಿರಬಹುದಾದ್ದರಿಂದ ನಿಮ್ಮ ಪಿಎಚ್.ಡಿ. ವಿಭಾಗದಿಂದ ಲಿಖಿತ ಉತ್ತರ ಪಡೆಯಿರಿ. ಪಟ್ಟಿಯ ಹೆಸರು ಹೇಳಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ.