ಜರ್ಮನಿಯಲ್ಲಿ ಅಮ್ಮನ ಕಾಫಿಗೆ ಏನು ಹಾಕಲಿ?

ಪರದೇಶದಲ್ಲಿರುವ ಮಕ್ಕಳ ಮನೆಗೆ ಅಪ್ಪ ಅಮ್ಮಂದಿರು ಹೊರಡುವ ಕಾಲ ಬಂತು ಅಂದರೆ ನನಗೆ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಸಕ್ಕರೆ ಕಾಯಿಲೆ ಅಂದರೇನು, ಮಾತ್ರೆ ಯಾವಾಗ ನುಂಗಬೇಕು ಎಂಬುದನ್ನು ನಿಮ್ಮ ಡಾಕ್ಟರ್ ಹೇಳಿಯೇ ಇರುತ್ತಾರೆ. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ಸಲ ಒಂದು ಪ್ರಶ್ನೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇದರಲ್ಲಿ ತಪ್ಪಿದರೆ ಗ್ಲುಕೋಮೀಟರ್ ಅರ್ಧ ಗಂಟೆಯಲ್ಲೇ ಹೇಳುತ್ತದೆ.

ಪ್ರಶ್ನೆ: ನಾವು ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಶುಗರ್ ಇರುವ ಅಮ್ಮ ಬಂದಿದ್ದಾರೆ. ಊರಿಂದ ತಂದ ಶುಗರ್‌ಫ್ರೀ ಗುಳಿಗೆ ಮುಗಿಯಿತು. ಔಷಧಿ ಅಂಗಡಿಯಲ್ಲಿ 'ಶುಗರ್ ಇರುವವರಿಗೆ ಬೇಕು' ಅಂದೆ, ಟ್ರೌಬೆನ್‌ತ್ಸುಕರ್ ಎಂಬ ಬಿಲ್ಲೆ ಕೊಟ್ಟರು. ದ್ರಾಕ್ಷಿಯದಂತೆ, ಒಳ್ಳೆಯದೇ ಇರಬೇಕು ಅಂತ ಅಮ್ಮನ ಕಾಫಿಗೆ ಹಾಕುತ್ತಿದ್ದೇನೆ. ಸೂಪರ್‌ಮಾರ್ಕೆಟ್ಟಿನಲ್ಲಿ ಫ್ರುಖ್ಟ್‌ತ್ಸುಕರ್, ಬಿರ್ಕೆನ್‌ತ್ಸುಕರ್ ಕೂಡ ಇವೆ. ಝ್ಯೂಸ್‌ಷ್ಟೋಫ್ ಅಂತ ಒಂದು ಬಾಟಲಿ ತಂದೆ. ಅದರಲ್ಲಿ ಸೈಕ್ಲಮೇಟ್ ಇದೆ, ಅಮೆರಿಕದಲ್ಲಿ ಅದು ಬ್ಯಾನ್, ಎಸೆದುಬಿಡು ಎಂದು ಅಲ್ಲಿರುವ ಅಕ್ಕ ಹೇಳುತ್ತಾಳೆ. ಯಾವುದು ಸರಿ? ಜೀರೋ ಕೋಲಾ ಕೊಡಬಹುದಾ?

ಉತ್ತರ: ಮೊದಲು ಆ ಬಿಲ್ಲೆಯನ್ನು ಕಾಫಿಗೆ ಹಾಕುವುದು ನಿಲ್ಲಿಸಿ. ಟ್ರೌಬೆನ್‌ತ್ಸುಕರ್ ಅಂದರೆ ಗ್ಲುಕೋಸ್. ಮಾಮೂಲಿ ಸಕ್ಕರೆಗಿಂತಲೂ ಬೇಗ ರಕ್ತಕ್ಕೆ ಸೇರುತ್ತದೆ. ಅಂಗಡಿಯವರು ತಪ್ಪು ಮಾಡಿಲ್ಲ. ಶುಗರ್ ಇರುವವರಿಗೆ ಅಂದಿರಿ, ಲೋ ಶುಗರ್ ಆದಾಗ ಬಾಯಿಗೆ ಹಾಕಿಕೊಳ್ಳುವುದನ್ನೇ ಕೊಟ್ಟಿದ್ದಾರೆ. ಅದನ್ನು ಎಸೆಯಬೇಡಿ, ಅಮ್ಮನ ಪರ್ಸಿನಲ್ಲಿ ಇಡಿ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ ಅದು ಇರಲೇಬೇಕು.

ಫ್ರುಖ್ಟ್‌ತ್ಸುಕರ್ ಅಂದರೆ ಫ್ರಕ್ಟೋಸ್. ರಕ್ತದ ಸಕ್ಕರೆಯನ್ನು ಗ್ಲುಕೋಸಿನಷ್ಟು ಬೇಗ ಏರಿಸುವುದಿಲ್ಲ ಅನ್ನುವುದು ನಿಜ. ಆದರೆ ಅದರ ಹೊರೆಯೆಲ್ಲ ಲಿವರ್ ಮೇಲೆ ಬೀಳುತ್ತದೆ, ಜಾಸ್ತಿಯಾದರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುತ್ತದೆ. ಒಂದು ಕಾಲದಲ್ಲಿ ಜರ್ಮನಿಯಲ್ಲಿ ಫ್ರಕ್ಟೋಸ್ ಹಾಕಿದ 'ಡಯಾಬಿಟಿಸ್‌ನವರ' ಬಿಸ್ಕತ್ತು, ಜಾಮ್ ಬೇರೆಯೇ ಸಿಗುತ್ತಿದ್ದವು. ಪ್ರಯೋಜನವಿಲ್ಲ ಅಂತ ಗೊತ್ತಾಗಿ 2010ರಲ್ಲಿ ನಿಯಮ ಬದಲಾಯಿಸಿದರು, 2012ರ ಹೊತ್ತಿಗೆ ಅವು ಅಂಗಡಿಯಿಂದ ಹೋದವು. ಅಲ್ಲಿಯವರೇ ಕೈಬಿಟ್ಟದ್ದನ್ನು ನಾವು ಹುಡುಕಿಕೊಂಡು ಹೋಗುವುದು ಬೇಡ.

ಬಿರ್ಕೆನ್‌ತ್ಸುಕರ್ ಅಂದರೆ ಝೈಲಿಟಾಲ್. ನೋಡಲು ಸಕ್ಕರೆಯ ಹಾಗೇ, ಅಷ್ಟೇ ಸಿಹಿ. ಗ್ರಾಂಗೆ 2.4 ಕ್ಯಾಲೊರಿ ಇದೆ, ರಕ್ತದ ಸಕ್ಕರೆಯನ್ನು ಸ್ವಲ್ಪವೇ ಏರಿಸುತ್ತದೆ. ಜಾಸ್ತಿ ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿ ಆಗುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಇದನ್ನು ತರಲೇಬೇಡಿ. ಇದು ಹಾಕಿದ ಒಂದೆರಡು ಉಂಡೆ ತಿಂದರೂ ನಾಯಿ ಸಾಯಬಹುದು.

ನಿಮಗೆ ಬೇಕಾದದ್ದು ನೀವು ತಂದ ಆ ಝ್ಯೂಸ್‌ಷ್ಟೋಫ್, ಅಂದರೆ ಸಿಹಿಕಾರಕ. ಸಾಮಾನ್ಯವಾಗಿ ಅದರಲ್ಲಿ ಸೈಕ್ಲಮೇಟ್, ಸ್ಯಾಕರಿನ್ ಎರಡೂ ಇರುತ್ತವೆ. ನಮ್ಮಲ್ಲಿ ಸಿಹಿಕಾರಕ ಮೆಡಿಕಲ್ ಶಾಪಿನಲ್ಲಿ ಸಿಗುತ್ತದಲ್ವಾ, ಅದಕ್ಕೇ ಎಲ್ಲರೂ ಅಲ್ಲೂ ಔಷಧಿ ಅಂಗಡಿಗೇ ಹೋಗುತ್ತಾರೆ. ಜರ್ಮನಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಸಕ್ಕರೆ, ಮೈದಾ ಇಡುವ ಸಾಲಿನಲ್ಲೇ ನೋಡಿ. ಡೀಎಂ, ರೋಸ್‌ಮನ್ ಅಂಗಡಿಗಳಲ್ಲೂ ಇರುತ್ತದೆ. ಒತ್ತಿದರೆ ಗುಳಿಗೆ ಬೀಳುವ ಚಿಕ್ಕ ಡಬ್ಬಿ ತೆಗೆದುಕೊಳ್ಳಿ. ಒಂದು ಗುಳಿಗೆ ಸುಮಾರು ಒಂದು ಚಿಕ್ಕ ಚಮಚ ಸಕ್ಕರೆಗೆ ಸಮ. ದ್ರವವಾದರೆ ಕೈ ತಪ್ಪುವುದು ಸುಲಭ, ಕಾಫಿ ಕಹಿಯಾಗುತ್ತದೆ. ಅಮ್ಮನಿಗೆ ಸ್ಯಾಕರಿನ್‌ನ ಕಹಿ ಹಿಡಿಸದಿದ್ದರೆ ಸುಕ್ರಲೋಸ್ ಅಥವಾ ಸ್ಟೀವಿಯಾ ಗುಳಿಗೆ ತನ್ನಿ.

ಇನ್ನು ಅಕ್ಕನ ಮಾತು. ಅಮೆರಿಕದಲ್ಲಿ ಸೈಕ್ಲಮೇಟ್‌ಗೆ ನಿಷೇಧ ಇರುವುದು ನಿಜ. ಇಲಿಗಳ ಮೂತ್ರಕೋಶದಲ್ಲಿ ಗಡ್ಡೆ ಕಂಡಿತು ಅಂತ 1969ರಲ್ಲಿ ಘೋಷಿಸಿದರು. ಆಮೇಲಿನ ಪರಿಶೀಲನೆಗಳಲ್ಲಿ ಅದು ಕ್ಯಾನ್ಸರ್ ತರುತ್ತದೆ ಅನ್ನುವುದಕ್ಕೆ ಬಲ ಸಿಗಲಿಲ್ಲ, ಆದರೂ ಅಮೆರಿಕ ನಿಷೇಧ ತೆಗೆದಿಲ್ಲ. ಯುರೋಪಿನಲ್ಲಿ ಅನುಮತಿ ಇದೆ, ಅಲ್ಲಿ ಇದರ ಸಂಖ್ಯೆ ಇ 952. ಮಿತಿ ಮಾತ್ರ ಬಿಗಿ: ದಿನಕ್ಕೆ ಮೈತೂಕದ ಕಿಲೋಗೆ 7 ಮಿಲಿಗ್ರಾಂ. ಜೀರೋ ಕೋಲಾದಂಥ ತಂಪು ಪಾನೀಯದ ಒಂದು ಲೀಟರಿನಲ್ಲಿ ಹೆಚ್ಚೆಂದರೆ 250 ಮಿಲಿಗ್ರಾಂ ಇರಬಹುದು. ಲೆಕ್ಕ ಹಾಕಿ. 60 ಕಿಲೋ ತೂಗುವ ನಿಮ್ಮಮ್ಮ ದಿನಾ ಒಂದೂವರೆ ಲೀಟರಿಗಿಂತ ಜಾಸ್ತಿ ಕುಡಿದರೆ ಮಾತ್ರ ಮಿತಿ ದಾಟುತ್ತದೆ. ಯಾರಮ್ಮ ಅಷ್ಟು ಕೋಲಾ ಕುಡಿಯುತ್ತಾರೆ?

ಆದರೆ ಇದೇ ಲೆಕ್ಕವನ್ನು ನಿಮ್ಮ ಮಗುವಿಗೆ ಹಾಕಿ ನೋಡಿ. 20 ಕಿಲೋ ಮಗುವಿಗೆ ಮಿತಿ 140 ಮಿಲಿಗ್ರಾಂ. ಅರ್ಧ ಲೀಟರಿನ ಒಂದು ಬಾಟಲಿ ಪೂರ್ತಿ ಕುಡಿದರೆ ಹೆಚ್ಚುಕಡಿಮೆ ಅಲ್ಲಿಗೇ ಬಂತು. ಅಜ್ಜಿಗೆ ಅಂತ ತಂದ ಜೀರೋ ಕೋಲಾವನ್ನು 'ಸಕ್ಕರೆ ಇಲ್ಲವಲ್ಲ' ಅಂತ ಮಕ್ಕಳ ಲೋಟಕ್ಕೂ ಸುರಿಯುವ ಮನೆಗಳಿವೆ. ನನಗೆ ಸಿಟ್ಟು ಬರುವುದು ಇಲ್ಲಿ. ಮಕ್ಕಳಿಗೆ ನೀರು ಕೊಡಿ, ಹಾಲು ಕೊಡಿ. ಬಸುರಿಯರಿಗೂ ನಾನು ಸೈಕ್ಲಮೇಟ್, ಸ್ಯಾಕರಿನ್ ಎರಡೂ ಬೇಡ ಅನ್ನುತ್ತೇನೆ.

ಅಮ್ಮನಿಗೆ ಒಂದು ಲೋಟ ಜೀರೋ ಅಥವಾ ಲೈಟ್ ಕೋಲಾ ಪರವಾಗಿಲ್ಲ. ಮಾಮೂಲಿ ಕೋಲಾದ 330 ಮಿಲಿ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ, ಅದರ ಮುಂದೆ ಇದು ಎಷ್ಟೋ ಮೇಲು. ನನಗೆ ಕೋಲಾಗಿಂತ ಜಾಸ್ತಿ ಚಿಂತೆ 'ಓನೆ ತ್ಸುಕರ್‌ತ್ಸುಝಾಟ್ಸ್' ಎಂದು ಬರೆದ ಸೇಬಿನ ರಸದ್ದು. ಸಕ್ಕರೆ ಸೇರಿಸಿಲ್ಲ ಅಂದರೆ ಸಕ್ಕರೆ ಇಲ್ಲ ಅಂತ ಅಲ್ಲ. 200 ಮಿಲಿ ಲೋಟದಲ್ಲಿ ಹಣ್ಣಿನದೇ ಸಕ್ಕರೆ 20 ಗ್ರಾಂ ಇರುತ್ತದೆ. ಓಟ್ಸ್ ಹಾಲೂ ಹಾಗೇ, ತಯಾರಿಸುವಾಗ ಓಟ್ಸಿನ ಪಿಷ್ಟವೇ ಒಡೆದು ಸಕ್ಕರೆಯಾಗಿರುತ್ತದೆ. 'ತ್ಸುಕರ್‌ಫ್ರೈ' (ಸಕ್ಕರೆ ಇಲ್ಲ) ಅಂತಿದ್ದರೆ ಮಾತ್ರ 100 ಮಿಲಿಗೆ ಸಕ್ಕರೆ ಅರ್ಧ ಗ್ರಾಂ ಮೀರುವುದಿಲ್ಲ.

ಅದೇ ಮಾತು ಬಿಸ್ಕತ್ತಿನ ಮೇಲಿದ್ದರೆ ಮತ್ತೆ ಮೋಸ. ಪೊಟ್ಟಣ ತಿರುಗಿಸಿ, ಹಿಂದಿನ ಪಟ್ಟಿಯಲ್ಲಿ 'ಕೋಲನ್‌ಹೈಡ್ರಾಟೆ' ಎಂಬ ಸಾಲು ಓದಿ. ಅದು ಒಟ್ಟು ಕಾರ್ಬೋಹೈಡ್ರೇಟ್. ಅದರ ಕೆಳಗೆ 'ಡಾಫೊನ್ ತ್ಸುಕರ್' ಅಂತ ಸಕ್ಕರೆ ಮಾತ್ರ ಬೇರೆ ಬರೆದಿರುತ್ತಾರೆ. ಜನ ಕೆಳಗಿನ ಸೊನ್ನೆ ನೋಡಿ ಡಬ್ಬಿ ಖಾಲಿ ಮಾಡುತ್ತಾರೆ. ಮೇಲಿನ ಸಾಲಿನಲ್ಲಿ ಮೈದಾ ಇದೆ, ಮಾಲ್ಟಿಟಾಲ್ ಎಂಬ ಸಿಹಿಕಾರಕ ಇದೆ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ.

ಪಾಯಸಕ್ಕೆ ಅಂತ 'ಷ್ಟ್ರಾಯ್‌ಝ್ಯೂಸೆ' ಎಂಬ ಹಗುರ ಪುಡಿ ತರುವವರಿದ್ದಾರೆ. ಅಳತೆಗೆ ಅಳತೆ ಸಕ್ಕರೆಯ ಹಾಗೆ ಸುರಿಯಲು ಅದರಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ತುಂಬಿರುತ್ತಾರೆ. ಚಮಚದ ಲೆಕ್ಕದಲ್ಲಿ ಚಿಂತೆಯಿಲ್ಲ, ಕಪ್ಪುಗಟ್ಟಲೆ ಹಾಕಿದರೆ ಅದೂ ಕಾರ್ಬೋಹೈಡ್ರೇಟೇ. ಪಾಯಸಕ್ಕೆ ಸುಕ್ರಲೋಸ್ ಗುಳಿಗೆ ಕರಗಿಸಿ ಹಾಕಿ. ಆಸ್ಪರ್ಟೇಮ್ ಆದರೆ ಒಲೆಯಿಂದ ಇಳಿಸಿದ ಮೇಲೆ ಹಾಕಿ, ಕುದಿಸಿದರೆ ಸಿಹಿ ಹೋಗುತ್ತದೆ. ಶಾವಿಗೆಯೂ ಕಾರ್ಬೋಹೈಡ್ರೇಟ್ ಅನ್ನುವುದು ನೆನಪಿರಲಿ, ಒಂದು ಸಣ್ಣ ಬಟ್ಟಲು ಸಾಕು.

ಪ್ರಶ್ನೆ: ಬೆಲ್ಲ, ಜೇನುತುಪ್ಪ, ಅಗಾವೆ ಸಿರಪ್ ನ್ಯಾಚುರಲ್ ಅಲ್ವಾ? (ಮ್ಯೂನಿಕ್)

ಉತ್ತರ: ಮೂರೂ ಸಕ್ಕರೆಯೇ. ಬೇಡ.

ಪ್ರಶ್ನೆ: ಅಮೆರಿಕದ ಹೋಟೆಲುಗಳಲ್ಲಿ ಬಣ್ಣಬಣ್ಣದ ಚೀಟಿ ಇಡುತ್ತಾರೆ. ಯಾವುದು ಏನು? (ಡಲ್ಲಾಸ್)

ಉತ್ತರ: ಸಾಮಾನ್ಯವಾಗಿ ಗುಲಾಬಿ ಸ್ಯಾಕರಿನ್, ನೀಲಿ ಆಸ್ಪರ್ಟೇಮ್, ಹಳದಿ ಸುಕ್ರಲೋಸ್, ಹಸಿರು ಸ್ಟೀವಿಯಾ.

ಪ್ರಶ್ನೆ: ಆಸ್ಪರ್ಟೇಮ್‌ನಿಂದ ಕ್ಯಾನ್ಸರ್ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆಯಲ್ಲ? (ದುಬೈ)

ಉತ್ತರ: 2023ರ ಜುಲೈನಲ್ಲಿ ಅದರ ಕ್ಯಾನ್ಸರ್ ವಿಭಾಗ ಆಸ್ಪರ್ಟೇಮನ್ನು 'ಕ್ಯಾನ್ಸರ್ ತರುವ ಸಾಧ್ಯತೆ ಇದೆ' ಎಂಬ ಗುಂಪಿಗೆ ಸೇರಿಸಿತು. ಪುರಾವೆ ಸೀಮಿತ ಅಂತಲೂ ಹೇಳಿತು. ದಿನದ ಮಿತಿ ಕಿಲೋಗೆ 40 ಮಿಲಿಗ್ರಾಂ ಎಂಬುದು ಬದಲಾಗಲಿಲ್ಲ. 70 ಕಿಲೋದವರು ಅದನ್ನು ದಾಟಲು ದಿನಾ 9ರಿಂದ 14 ಕ್ಯಾನ್ ಕುಡಿಯಬೇಕು. ಪಿಕೆಯು ಎಂಬ ಹುಟ್ಟು ಕಾಯಿಲೆ ಇರುವವರು ಮಾತ್ರ ಮುಟ್ಟಲೇಬಾರದು.

ಪ್ರಶ್ನೆ: ಊರಿಂದ ಒಬ್ಬರು ಸ್ಟೀವಿಯಾ ಎಲೆಯ ಪುಡಿ ಕೊರಿಯರ್ ಮಾಡುತ್ತಾರೆ. ತಿಂದರೆ ಶುಗರ್ ವಾಸಿಯಾಗಿ ಮಾತ್ರೆ ಬಿಡಬಹುದಂತೆ. (ಸಿಂಗಾಪುರ)

ಉತ್ತರ: ಸ್ಟೀವಿಯಾ ಸಿಹಿ ಕೊಡುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ. ಮಾತ್ರೆ ಬಿಡಿ ಅನ್ನುವವನ ನಂಬರ್ ಬ್ಲಾಕ್ ಮಾಡಿ. ಇಂಥವರ ಮಾತು ಕೇಳಿ ಕಾಲು, ಕಣ್ಣು, ಕಿಡ್ನಿ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಮಗನಿಗೆ ಟೈಪ್ 1. ಲೋ ಶುಗರ್ ಆದಾಗ ಕುಡಿಯಲಿ ಅಂತ ಬ್ಯಾಗಿನಲ್ಲಿ ಒಂದು ಕೂಲ್ ಡ್ರಿಂಕ್ ಇಡುತ್ತೇನೆ. ಸಾಕಲ್ವಾ? (ಲಂಡನ್)

ಉತ್ತರ: ಬ್ರಿಟನ್ನಿನಲ್ಲಿ ಈ ನಂಬಿಕೆ ಅಪಾಯ. 2018ರ ಏಪ್ರಿಲ್‌ನಿಂದ 100 ಮಿಲಿಗೆ 5 ಗ್ರಾಂ ಮತ್ತು ಅದಕ್ಕೂ ಜಾಸ್ತಿ ಸಕ್ಕರೆ ಇರುವ ಪಾನೀಯಗಳಿಗೆ ತೆರಿಗೆ ಬಂತು. ತೆರಿಗೆ ತಪ್ಪಿಸಲು ಎಷ್ಟೋ ಪಾನೀಯಗಳಲ್ಲಿ ಸಕ್ಕರೆ ಇಳಿಸಿ ಸಿಹಿಕಾರಕ ಹಾಕಿದರು. ಬಾಟಲಿಯ ಹೆಸರು ಅದೇ, ರುಚಿಯೂ ಹೆಚ್ಚುಕಡಿಮೆ ಅದೇ. ಲೋ ಶುಗರ್‌ಗೆ ಅಂತಲೇ ಜನ ಇಟ್ಟುಕೊಳ್ಳುತ್ತಿದ್ದ ಲುಕೋಜೇಡ್ ಎನರ್ಜಿಯಲ್ಲೂ 2017ರಲ್ಲೇ ಗ್ಲುಕೋಸ್ ಕಡಿಮೆಯಾಯಿತು. ಡಯಟ್ ಪಾನೀಯವಂತೂ ಲೋ ಶುಗರ್‌ಗೆ ಏನೂ ಮಾಡದು. ಇವತ್ತೇ ಬ್ಯಾಗಿನಿಂದ ಆ ಬಾಟಲಿ ತೆಗೆದು ಹಿಂದಿನ ಪಟ್ಟಿ ಓದಿ. ಅದರ ಬದಲು ಗ್ಲುಕೋಸ್ ಬಿಲ್ಲೆ ಇಡಿ. ಮಗನಿಗೆ ಒಂದು ಸಲಕ್ಕೆ ಎಷ್ಟು ಬಿಲ್ಲೆ ಅನ್ನುವುದು ಅವನ ತೂಕದ ಮೇಲೆ ಹೋಗುತ್ತದೆ, ಡಯಾಬಿಟಿಸ್ ನರ್ಸ್ ಬರೆದು ಕೊಡುತ್ತಾರೆ. ಕೊಟ್ಟು 15 ನಿಮಿಷಕ್ಕೆ ಮತ್ತೆ ಚೆಕ್ ಮಾಡಬೇಕು. ಆ ಚೀಟಿಯ ಒಂದು ಪ್ರತಿ ಅವನ ಟೀಚರ್ ಹತ್ತಿರವೂ ಇರಲಿ.